ಬಣ್ಣದ ತತ್ತಿ ಬೇಕನ್ನೋರಿಗೆ

ಹಿತ್ತಲದಾಗ ಬಣ್ಣಬಣ್ಣದ ತತ್ತಿ ಬೇಕನ್ನೋರು ಮೊದಲು ನಮ್ಮ ವಿಜಯಪುರದ ಬಿಸಿಲು ಲೆಕ್ಕಕ್ಕ ತಗೋರಿ. ದಪ್ಪ ಪುಕ್ಕದ ಕೋಳಿ ತಳಿ ಏಪ್ರಿಲ್‌ನಾಗ ಬಾಯಿ ತೆರ್ಕೊಂಡು ಏದುಸಿರು ಬಿಡ್ತಾವ. ಬಿಳಿ ತತ್ತಿಗೆ ಲೆಗ್‌ಹಾರ್ನ್, ಕಂದು ತತ್ತಿಗೆ ಗಿರಿರಾಜ ಇಲ್ಲಾ ರೋಡ್ ಐಲೆಂಡ್ ರೆಡ್ ಸಾಕು. ಕಡಕ್‌ನಾಥ್ ಮೈ ಕರಿ ಖರೆ, ತತ್ತಿ ಮಾತ್ರ ತಿಳಿ ಕಂದು; ಕರಿ ತತ್ತಿ ಅಂತ ಮಾರಾಕ ಬಂದ್ರ ನಂಬಬ್ಯಾಡ್ರಿ. ನೀಲಿ ತತ್ತಿ ಇಡೋದು ಚಿಲಿ ದೇಶದ ಮೂಲದ ಅರೌಕಾನಾ. ಅದರ ಚಿಪ್ಪು ಒಡೆದು ನೋಡಿದ್ರ ಒಳಗೂ ನೀಲಿನ. ಕಂದು ತತ್ತಿದು ಬರೇ ಮ್ಯಾಲಿನ ಲೇಪ, ಒಳಮೈ ಬಿಳುಪು. ಸತ್ವ ಎರಡರಾಗೂ ಒಂದ. ಯಾರರೆ ಅರೌಕಾನಾ ಮರಿ ಅಂತ ತುಟ್ಟಿ ರೇಟ್ ಹೇಳಿದ್ರ, ತಾಯಿ ಕೋಳಿ ಇಟ್ಟ ತತ್ತಿ ತೋರಸ್ರಿ ಅನ್ರಿ. ಕೋಳಿಗೆ ಬರೋ ರಾಣಿಖೇತ್ ರೋಗದ ಲಸಿಕೆ ಹಾಕ್ಯಾರೇನು, ಅದನ್ನೂ ಕೇಳ್ರಿ.