ಕಲ್ಲು ಸಂಗ್ರಹ: ಮೊದಲು ಚೀಟಿ, ಆಮೇಲೆ ಹೆಸರು

ಕಲ್ಲು ಕೂಡಿಡುವ ಹವ್ಯಾಸಕ್ಕೆ ಕರ್ನಾಟಕದವರು ದೂರ ಹೋಗಬೇಕಾಗಿಲ್ಲ. ರಾಮನಗರದ ಸುತ್ತ ಗುಲಾಬಿ, ಬೂದು ಬಣ್ಣದ ಗ್ರಾನೈಟ್ ಇದೆ. ಬೆಳಗಾವಿ, ವಿಜಯಪುರ, ಬೀದರ್ ಕಡೆ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್, ಕರಾವಳಿಯಲ್ಲಿ ಜಂಬಿಟ್ಟಿಗೆ, ಸಂಡೂರಿನಲ್ಲಿ ಪಟ್ಟೆಪಟ್ಟೆ ಕಬ್ಬಿಣದ ಕಲ್ಲು, ಕಲಬುರಗಿ ಸೀಮೆಯಲ್ಲಿ ಶಹಾಬಾದ್ ಸುಣ್ಣಕಲ್ಲು ಸಿಗುತ್ತವೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ, ಉತ್ತರದ ಬಸಾಲ್ಟಿನದು ಸುಮಾರು 6.6 ಕೋಟಿ.

ಇಷ್ಟಿದ್ದರೂ ಹೊಸಬರ ಸಂಗ್ರಹ ಬಹಳ ಸಲ ಶೂ ಡಬ್ಬಿಯಲ್ಲಿ ಧೂಳು ತಿನ್ನುವ ರಾಶಿಯಾಗಿಬಿಡುತ್ತದೆ. ಯಾವುದನ್ನು ಎಲ್ಲಿಂದ ತಂದೆವೆಂದು ಬರೆದಿಡದಿರುವುದೇ ಇದಕ್ಕೆ ಮುಖ್ಯ ಕಾರಣ. ಕಲ್ಲಿನ ಹೆಸರು ತಪ್ಪಾಗಿದ್ದರೆ ಹತ್ತು ವರ್ಷ ಬಿಟ್ಟೂ ತಿದ್ದಬಹುದು. ಸಿಕ್ಕ ಜಾಗ ಮರೆತುಹೋದರೆ ಯಾವ ತಜ್ಞರೂ ಅದನ್ನು ಹೇಳಿಕೊಡಲಾರರು. ಹಾಗಾಗಿ ಸುತ್ತಿಗೆಗಿಂತ ಮುಂಚೆ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಕೊಳ್ಳಿ.

ಏನೇನು ಬೇಕು

ನೋಟ್‌ಬುಕ್ ಮತ್ತು ಪೆನ್ಸಿಲ್ (ಪೆನ್ನಿನ ಬರಹ ಮಳೆಗೆ ಹರಡುತ್ತದೆ), ಹಳೆಯ ದಿನಪತ್ರಿಕೆ, ಗಟ್ಟಿ ಪ್ಲಾಸ್ಟಿಕ್ ಚೀಲ, 10 ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಭೂತಗನ್ನಡಿ, ಕಣ್ಣಿಗೆ ಗಾಗಲ್ಸ್, ಕೈಗವಸು. ಚಿನಿವಾರರು ಬಳಸುವ ಮಸೂರವೇ ಸಾಕು. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನು ಸುಮಾರು ಎರಡೂವರೆ ಸೆಂಟಿಮೀಟರಿನವರೆಗೆ ತರಬೇಕು. ಮಸೂರವನ್ನು ಕಲ್ಲಿನ ಮೇಲಿಟ್ಟು ದೂರದಿಂದ ಇಣುಕಿದರೆ ಏನೂ ಸರಿಯಾಗಿ ಕಾಣುವುದಿಲ್ಲ.

ಸುತ್ತಿಗೆಯ ವಿಷಯದಲ್ಲಿ ಜಿಪುಣತನ ಬೇಡ. ಮೊಳೆ ಹೊಡೆಯುವ ಬಡಗಿ ಸುತ್ತಿಗೆಯಿಂದ ಬಂಡೆಗೆ ಹೊಡೆದರೆ ಅದರ ಅಂಚಿನ ಉಕ್ಕೇ ಚೂರಾಗಿ ಕಣ್ಣಿಗೆ ಹಾರಬಹುದು. ಭೂವಿಜ್ಞಾನಿಗಳ ಸುತ್ತಿಗೆ ಸಿಗದಿದ್ದರೆ ಕಲ್ಲುಕುಟಿಗರು ಬಳಸುವ ಒಂದು ಕೆ.ಜಿ. ಸುತ್ತಿಗೆ ಆದೀತು. ಗಾಗಲ್ಸ್ ಇಲ್ಲದೆ ಒಂದೇಟೂ ಹೊಡೆಯಬೇಡಿ. ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

ಎಲ್ಲಿ ಹುಡುಕಬೇಕು, ಎಲ್ಲಿ ಮುಟ್ಟಬಾರದು

ಹೊಸದಾಗಿ ಬಾವಿ ತೋಡಿದಲ್ಲಿನ ಮಣ್ಣುಗುಡ್ಡೆ, ಪಾಯ ಅಗೆದ ನಿವೇಶನ, ವಾಹನ ಸಂಚಾರ ಕಡಿಮೆ ಇರುವ ರಸ್ತೆಗಾಗಿ ಗುಡ್ಡ ಕಡಿದ ಜಾಗ, ಬೇಸಿಗೆಯಲ್ಲಿ ಬತ್ತಿದ ಹಳ್ಳ, ಎಲ್ಲವೂ ಒಳ್ಳೆಯವೇ. ಜಮೀನಿನ ಯಜಮಾನರನ್ನು ಕೇಳಿಯೇ ಒಳಗೆ ಹೋಗಿ. ಶಿಲ್ಪಿಗಳ ಕಾರ್ಯಾಗಾರದಲ್ಲಿ ಬೀಳುವ ಚಕ್ಕೆಗಳಲ್ಲಿ ಬಳಪದ ಕಲ್ಲು, ಕೃಷ್ಣಶಿಲೆ ಸಿಗುತ್ತವೆ; ಯಾವ ಊರಿನ ಕಲ್ಲೆಂದು ಅವರನ್ನೇ ಕೇಳಿ ಬರೆದುಕೊಳ್ಳಿ. ಗ್ರಾನೈಟ್ ಅಂಗಡಿಯ ತುಂಡುಗಳ ವಿಷಯದಲ್ಲಿ ಎಚ್ಚರ ಬೇಕು. ಅವು ರಾಜಸ್ಥಾನದಿಂದಲೂ ಬಂದಿರಬಹುದು, ಮೇಲಾಗಿ ವ್ಯಾಪಾರದಲ್ಲಿ ಪಾಲಿಶ್ ಹಿಡಿಯುವ ಗಟ್ಟಿ ಕಲ್ಲೆಲ್ಲ ‘ಗ್ರಾನೈಟ್’. ಅಡುಗೆಮನೆಯ ‘ಬ್ಲ್ಯಾಕ್ ಗ್ರಾನೈಟ್’ ಹೆಚ್ಚಾಗಿ ಡಾಲರೈಟ್ ಅಥವಾ ಗ್ಯಾಬ್ರೊ ಎಂಬ ಬೇರೆ ಜಾತಿಯ ಕಲ್ಲು.

ಕಾಡಿನೊಳಗಿನ ಕಲ್ಲನ್ನು ಕಾನೂನು ಅರಣ್ಯ ಉತ್ಪನ್ನ ಎಂದೇ ಪರಿಗಣಿಸುತ್ತದೆ, ಅನುಮತಿಯಿಲ್ಲದೆ ಎತ್ತಿ ತರುವಂತಿಲ್ಲ. ಲಾಲ್‌ಬಾಗ್ ಬಂಡೆ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗ ಜಿಲ್ಲೆ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಇವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಇಲ್ಲಿ ಫೋಟೊ ತೆಗೆಯಿರಿ, ಒಂದು ಚೂರನ್ನೂ ಒಡೆಯಬೇಡಿ. ಹಂಪಿ, ಬಾದಾಮಿಯಂಥ ಕಡೆಗಳಲ್ಲೂ ಹಾಗೆಯೇ. ಎರಡೂ ಬದಿ ಚಕ್ಕೆ ಎಬ್ಬಿಸಿ ಚೂಪು ಮಾಡಿದಂಥ ಕಲ್ಲು ಕಂಡರೆ ಅದು ಆದಿಮಾನವರ ಆಯುಧ ಇರಬಹುದು. ಇದ್ದಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ಕೆಲಸ ನಡೆಯುತ್ತಿರುವ ಕ್ವಾರಿ, ನೀರು ತುಂಬಿದ ಹಳೆ ಕ್ವಾರಿ ಎರಡರಿಂದಲೂ ದೂರವಿರಿ.

ನೆಲಕ್ಕೆ ಬಿದ್ದ ಕಲ್ಲನ್ನು ಎತ್ತುವಾಗ ಆಚೆಯ ಅಂಚನ್ನು ಹಿಡಿದು ನಿಮ್ಮ ಕಡೆಗೆ ಮಗುಚಿ. ಕೆಳಗೆ ಚೇಳೋ ಹಾವೋ ಇದ್ದರೆ ಕಲ್ಲೇ ಅಡ್ಡವಾಗುತ್ತದೆ. ಬೆರಳು ತೂರಿಸುವ ಮೊದಲು ಕೋಲಿನಿಂದ ಕೆದಕಿ ನೋಡಿ.

ತುಂಡು ತೆಗೆಯುವುದು

ಬಿಸಿಲು ಮಳೆಗೆ ಒಡ್ಡಿಕೊಂಡ ಬಂಡೆಯ ಮೇಲ್ಮೈ ನಂಬಬೇಡಿ. ಕಪ್ಪು ಬಸಾಲ್ಟಿನ ಮೇಲೂ ಕಂದು ಸಿಪ್ಪೆ ಕೂತಿರುತ್ತದೆ. ಹೊರಚಾಚಿದ ಮೂಲೆಗೆ ಹೊಡೆದರೆ ತಾಜಾ ಒಡಕು ಸಿಗುತ್ತದೆ, ನಡುವೆ ಹೊಡೆದರೆ ಕೈ ನೋಯುವುದಷ್ಟೇ. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಅಂದರೆ 9 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ತುಂಡು ಸಾಕು. ಒಂದು ಬದಿ ಹಳೆಯ ಸಿಪ್ಪೆಯನ್ನೂ ಉಳಿಸಿಕೊಳ್ಳಿ, ಮುಂದೆ ಬಯಲಿನಲ್ಲಿ ಅದೇ ಕಲ್ಲನ್ನು ಗುರುತಿಸಲು ಬೇಕಾಗುತ್ತದೆ.

ಅಲ್ಲೇ ನಿಂತು ಬರೆಯಬೇಕಾದದ್ದು: ಕ್ರಮಸಂಖ್ಯೆ, ದಿನಾಂಕ, ಊರು, ತಾಲ್ಲೂಕು, ಮೊಬೈಲಿನ ಜಿಪಿಎಸ್ ತೋರಿಸುವ ಅಕ್ಷಾಂಶ ರೇಖಾಂಶ (ದಶಾಂಶದ ನಂತರ ಐದು ಅಂಕಿ). ಜೊತೆಗೆ, ಬಂಡೆಯಿಂದಲೇ ಒಡೆದದ್ದೋ, ಬಿಡಿಯಾಗಿ ಬಿದ್ದಿದ್ದೋ ಎಂಬುದು. ಇದನ್ನು ಬಹುತೇಕರು ಬಿಡುತ್ತಾರೆ. ಹಳ್ಳದಲ್ಲಿ ಸಿಕ್ಕ ಉರುಟು ಕಲ್ಲು ಎಷ್ಟೋ ದೂರದಿಂದ ಉರುಳಿ ಬಂದಿರುತ್ತದೆ, ಅದನ್ನು ‘ಈ ಊರಿನ ಕಲ್ಲು’ ಎಂದು ಬರೆದರೆ ದಾಖಲೆಯೇ ಸುಳ್ಳಾಗುತ್ತದೆ. ಸಂಖ್ಯೆ ಬರೆದ ಚೀಟಿಯನ್ನು ಕಲ್ಲಿನ ಜೊತೆಗೇ ಪೇಪರಿನಲ್ಲಿ ಸುತ್ತಿ.

ಮನೆಗೆ ತಂದ ಮೇಲೆ

ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಬರೀ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಎರಡು ದಿನ ಒಣಗಿಸಿ. ಪುಡಿಯಾಗುವ ಕಲ್ಲನ್ನೂ ಪದರ ಬಿಡುವ ಕಾಗೆಬಂಗಾರವನ್ನೂ ಒಣ ಬ್ರಶ್ಶಿನಿಂದಷ್ಟೇ ಒರೆಸಿ. ಕಣ್ಣಿಗೆ ಎದ್ದು ಕಾಣದ ಮೂಲೆಯಲ್ಲಿ ವೈಟ್‌ನರ್‌ನಿಂದ ಚಿಕ್ಕ ಪಟ್ಟಿ ಬಳಿದು, ಒಣಗಿದ ಮೇಲೆ ಇಂಡಿಯನ್ ಇಂಕಿನಲ್ಲಿ ಸಂಖ್ಯೆ ಬರೆದು, ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ಬಾಲ್‌ಪೆನ್ನಿನಲ್ಲಿ ಬರೆದರೆ ನೇಲ್ ಪಾಲಿಶ್ ತಾಗಿದ ಕೂಡಲೇ ಶಾಯಿ ಕದಡುತ್ತದೆ.

ಗುರುತಿಸುವ ಪರೀಕ್ಷೆಗಳು

ಮೊದಲು ಗಟ್ಟಿತನ. 1812ರಲ್ಲಿ ಫ್ರೆಡರಿಕ್ ಮೋಸ್ ರೂಪಿಸಿದ 1ರಿಂದ 10ರ ಮಾಪಕದಲ್ಲಿ ಉಗುರು ಸುಮಾರು 2.5, ತಾಮ್ರದ ತಂತಿ 3, ಚಾಕು ಮತ್ತು ಗಾಜು 5.5, ಬೆಣಚುಕಲ್ಲು 7. ಪುಸ್ತಕಗಳಲ್ಲಿ ತಾಮ್ರದ ನಾಣ್ಯ ಎಂದಿರುತ್ತದೆ. ನಮ್ಮ ಈಗಿನ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲ್, ಅದು ಇಲ್ಲಿ ನಡೆಯದು. ಕರೆಂಟಿನ ದಪ್ಪ ತಾಮ್ರದ ತಂತಿ ಬಳಸಿ. ಗೀರಿದ ಮೇಲೆ ಒದ್ದೆ ಬೆರಳಿನಿಂದ ಒರೆಸಿ ನೋಡಿ. ಗೆರೆ ಅಳಿಸಿಹೋದರೆ ಅದು ಕಲ್ಲಿಗಾದ ಗೀರಲ್ಲ, ಚಾಕುವಿನ ಲೋಹ ಅಂಟಿಕೊಂಡದ್ದು.

ಬಿಳಿ ಕಲ್ಲುಗಳ ಗೊಂದಲವೂ ಇದರಿಂದಲೇ ಬಗೆಹರಿಯುತ್ತದೆ. ಚಾಕುವಿನಿಂದ ಕಲ್ಲಿನ ಮೇಲೆ ಗೀರು ಬಿದ್ದು, ಆ ಪುಡಿಯ ಮೇಲೆ ವಿನಿಗರ್ ಹಾಕಿದಾಗ ಗುಳ್ಳೆ ಎದ್ದರೆ ಕ್ಯಾಲ್ಸೈಟ್ ಇರುವ ಸುಣ್ಣದ ಜಾತಿ. ಗೀರು ಬೀಳದೆ, ತಿರುಗಿಸಿದಾಗ ಸಪಾಟು ಮುಖಗಳು ಮಿಂಚಿದರೆ ಫೆಲ್ಡ್‌ಸ್ಪಾರ್ ಎಂಬ ಖನಿಜ. ಗೀರೂ ಇಲ್ಲ, ಸಪಾಟು ಮುಖವೂ ಇಲ್ಲ, ಒಡೆದ ಗಾಜಿನಂತೆ ಬಾಗಿದ ಒಡಕು ಇದೆ ಎಂದರೆ ಬೆಣಚುಕಲ್ಲು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಇದಕ್ಕೆ ಬೇಡವೇ ಬೇಡ.

ಕಬ್ಬಿಣದ ಕಲ್ಲುಗಳಿಗೆ ಒರೆ ಹಚ್ಚಬೇಕು. ಪಿಂಗಾಣಿ ಕಪ್ಪಿನ ತಳದಲ್ಲಿರುವ ಮೆರುಗಿಲ್ಲದ ಬಿಳಿ ಅಂಚಿಗೆ ಉಜ್ಜಿ. ಹೆಮಟೈಟ್ ಕಪ್ಪಗೆ ಹೊಳೆಯುತ್ತಿದ್ದರೂ ಕೆಂಪುಗಂದು ಗೆರೆ ಬಿಡುತ್ತದೆ. ಮ್ಯಾಗ್ನೆಟೈಟ್ ಕಪ್ಪು ಗೆರೆ ಬಿಟ್ಟು ಆಯಸ್ಕಾಂತಕ್ಕೆ ಅಂಟುತ್ತದೆ.

ಹೆಚ್ಚು ಜನ ಮಾಡದ, ಆದರೆ ತುಂಬಾ ಉಪಯುಕ್ತವಾದ ಪರೀಕ್ಷೆ ಸಾಂದ್ರತೆಯದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 100ರಿಂದ 300 ಗ್ರಾಂನ ಒಣ ಕಲ್ಲನ್ನು ತೂಗಿ. ಬಳಿಕ ಅರ್ಧ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ಕೈಯಲ್ಲೇ ತೂಗುಹಾಕಿ. ಈಗ ಕಾಣುವ ಅಂಕಿಯೇ ಕಲ್ಲಿನ ಗಾತ್ರ, ಘನ ಸೆಂ.ಮೀ.ಗಳಲ್ಲಿ. ಒಣ ತೂಕ 212, ಮುಳುಗಿಸಿದಾಗ 80 ಬಂದರೆ 212ನ್ನು 80ರಿಂದ ಭಾಗಿಸಿ: 2.65. ಗ್ರಾನೈಟ್ 2.6ರಿಂದ 2.7, ಬಸಾಲ್ಟ್ 2.8ರಿಂದ 3.0, ಪಟ್ಟೆ ಕಬ್ಬಿಣದ ಕಲ್ಲು 3 ದಾಟುತ್ತದೆ, ಶುದ್ಧ ಹೆಮಟೈಟ್ 5ಕ್ಕೂ ಹೆಚ್ಚು. ಕಲ್ಲು ತಳ ಮುಟ್ಟಿದರೆ ಅಂಕಿ ಏಕಾಏಕಿ ಏರುತ್ತದೆ, ಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ. ತೂತು ತೂತಾದ ಜಂಬಿಟ್ಟಿಗೆಗೆ ಈ ವಿಧಾನ ಒಗ್ಗದು.

ಜೋಡಿಸಿಡುವುದು

ಮುಷ್ಟಿಗಾತ್ರದ 50 ಕಲ್ಲು ಅಂದರೆ 25 ಕೆ.ಜಿ. ಮೀರಬಹುದು. ತೆಳು ಪ್ಲೈವುಡ್ ಹಲಗೆ ಬಾಗುತ್ತದೆ, ಕಬ್ಬಿಣದ ರ‍್ಯಾಕಿನ ಕೆಳ ಅಂತಸ್ತೇ ಸರಿ. ಚಿಕ್ಕವಕ್ಕೆ ಮೊಟ್ಟೆಯ ಟ್ರೇ ಸಾಕು. ಬೆಣಚಿನ ಪಕ್ಕ ಬಳಪದ ಕಲ್ಲನ್ನು ಸುಮ್ಮನೆ ಇಟ್ಟರೆ ಮೈತುಂಬ ಗೀರು ಬೀಳುತ್ತದೆ, ಪ್ರತಿಯೊಂದಕ್ಕೂ ಪ್ರತ್ಯೇಕ ಗೂಡು ಇರಲಿ. ಚಿನ್ನದಂತೆ ಹೊಳೆಯುವ ಪೈರೈಟ್ ತೇವಕ್ಕೆ ನಿಧಾನವಾಗಿ ಕೊಳೆತು ಗಂಧಕಾಮ್ಲ ಬಿಡುತ್ತದೆ, ಅದು ಚೀಟಿಯನ್ನೂ ಡಬ್ಬಿಯನ್ನೂ ತಿನ್ನುತ್ತದೆ. ಕರಾವಳಿ, ಮಲೆನಾಡಿನವರು ಅದನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನಾರುನಾರಾಗಿ ಬಿಡಿಸಿಕೊಳ್ಳುವ ಕಲ್ನಾರು ಸಿಕ್ಕರೆ ಮನೆಗೆ ತರಲೇಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಗುರುತು ಹತ್ತದ ಕಲ್ಲಿದ್ದರೆ, ಅದು ಸಿಕ್ಕ ಜಾಗವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ‘ಭೂಕೋಶ್’ ಜಾಲತಾಣದ ನಕ್ಷೆಯಲ್ಲಿ ನೋಡಿ, ಅಲ್ಲಿ ಯಾವ ಶಿಲೆ ಹಾಸಿದೆಯೆಂದು ತಿಳಿಯುತ್ತದೆ. ಆದರೂ ಅನುಮಾನವಿದ್ದರೆ ಮೈಸೂರು, ಧಾರವಾಡದಂಥ ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗದವರನ್ನು ಮೊದಲೇ ಸಂಪರ್ಕಿಸಿ, ತಾಜಾ ಒಡಕಿರುವ ತುಂಡನ್ನೂ ನೋಟ್‌ಬುಕ್ಕನ್ನೂ ಒಯ್ಯಿರಿ. ಎಲ್ಲಿ ಸಿಕ್ಕಿತು ಎನ್ನುವುದೇ ಅವರು ಕೇಳುವ ಮೊದಲ ಪ್ರಶ್ನೆ.