ಶಾಸಕರ ಕೈಗೆ ಕಾಗದ ಕೊಡುವ ಮೊದಲು

ಬೆಳಿಗ್ಗೆ ಏಳು ಗಂಟೆಗೆಲ್ಲ ಶಾಸಕರ ಮನೆ ಮುಂದೆ ಮೂವತ್ತು ಜನ ನಿಂತಿರುತ್ತಾರೆ. ಎಲ್ಲರ ಕೈಯಲ್ಲೂ ಕಾಗದ, ಕೆಲವರ ಕೈಯಲ್ಲಿ ಹಾರ. ಹಾರ ಸಾಹೇಬರ ಕೊರಳಿಗೆ ಹೋಗುತ್ತದೆ, ಕಾಗದ ನನ್ನ ಕೈಗೆ ಬರುತ್ತದೆ. ಹನ್ನೊಂದು ವರ್ಷ ನನ್ನ ಕೆಲಸ ಇದೇ ಆಗಿತ್ತು. ಇಬ್ಬರು ಶಾಸಕರ ಹತ್ತಿರ ಆಪ್ತ ಸಹಾಯಕನಾಗಿದ್ದೆ. ಒಬ್ಬರು ಆಡಳಿತ ಪಕ್ಷ, ಇನ್ನೊಬ್ಬರು ವಿರೋಧ ಪಕ್ಷ. ಯಾವ ಕಾಗದ ವಿಧಾನಸೌಧ ಸೇರುತ್ತದೆ, ಯಾವುದು ಕಾರಿನ ಹಿಂದಿನ ಸೀಟಿನಲ್ಲೇ ಹಳೇದಾಗುತ್ತದೆ ಅನ್ನೋದು ಕೊನೆಕೊನೆಗೆ ಮೊದಲ ಸಾಲು ಓದುವಷ್ಟರಲ್ಲೇ ಗೊತ್ತಾಗಿಬಿಡುತ್ತಿತ್ತು.

ಬರುವವರೆಲ್ಲ ಹೇಳುವುದು ಒಂದೇ ಮಾತು: "ಸಾರ್, ಹೆಂಗಾದ್ರೂ ಮಾಡಿಸ್ಕೊಡಿ." ನಿಜ ಹೇಳಬೇಕೆಂದರೆ, ಮಾಡಿಸುವ ಅಧಿಕಾರ ಶಾಸಕರಿಗೆ ನೀವು ಅಂದುಕೊಂಡಷ್ಟಿಲ್ಲ. ಬಿಲ್ ಪಾಸು ಮಾಡುವವರು ಅಧಿಕಾರಿಗಳು, ಹಣ ಬಿಡುವವರು ಸರ್ಕಾರ. ಶಾಸಕರಿಗೆ ಇರುವುದು ಕೇಳುವ ಅಧಿಕಾರ. ಸದನದಲ್ಲಿ ನಿಂತು ಕೇಳಿದರೆ ಮಂತ್ರಿ ಎದ್ದು ಉತ್ತರ ಹೇಳಲೇಬೇಕು. ಇದು ನಿಮಗೂ ಇಲ್ಲ, ನನಗೂ ಇಲ್ಲ. ರಾಜ್ಯದಲ್ಲಿ ಅಂಥ 224 ಜನ ಇದ್ದಾರೆ, ಅವರಲ್ಲಿ ಒಬ್ಬರು ನಿಮ್ಮವರು. ಹಾಗಾಗಿ "ಮಾಡಿಸಿ" ಎನ್ನುವ ಕಾಗದಕ್ಕಿಂತ "ಇದನ್ನು ಕೇಳಿ" ಎನ್ನುವ ಕಾಗದ ಬರೆಯುವುದನ್ನು ಕಲಿಯಿರಿ.

ಮೊದಲು, ಇದು ಯಾರ ಕೆಲಸ ಅಂತ ನೋಡಿಕೊಳ್ಳಿ. ಬೀದಿ ದೀಪ, ಚರಂಡಿ ಆದರೆ ಗ್ರಾಮ ಪಂಚಾಯ್ತಿ ಅಥವಾ ಪುರಸಭೆ. ರೈಲ್ವೆ ಗೇಟು ಆದರೆ ಸಂಸದರು. ಶಾಲೆ, ಆಸ್ಪತ್ರೆ, ಕಂದಾಯ, ನೀರಾವರಿ, ಲೋಕೋಪಯೋಗಿ ಇಲಾಖೆ ರಸ್ತೆ, ಬಸ್ಸು, ಪೊಲೀಸ್ ಠಾಣೆ ಇವೆಲ್ಲ ರಾಜ್ಯದ್ದು. ಜಾತಿ ಪ್ರಮಾಣಪತ್ರ ತಡವಾಗಿದೆ ಅಂತ ಶಾಸಕರ ಮನೆಗೆ ಬರುವವರನ್ನು ಕಂಡಾಗ ನನಗೆ ಬೇಜಾರಾಗುತ್ತಿತ್ತು. ಅದಕ್ಕೆ ಸಕಾಲ ಕಾಯ್ದೆ ಇದೆ, ಇಷ್ಟು ದಿನದೊಳಗೆ ಕೊಡಬೇಕು ಅಂತ ಗಡುವು ಇದೆ. ಅಲ್ಲಿ ಮೇಲ್ಮನವಿ ಹಾಕಿದರೆ ಶಾಸಕರ ಫೋನಿಗಿಂತ ಬೇಗ ಕೆಲಸ ಆಗುತ್ತದೆ.

ರಾಜ್ಯದ ಕೆಲಸವೇ ಆಗಿದ್ದರೂ ಎಲ್ಲವನ್ನೂ ಬೆಂಗಳೂರಿಗೆ ಒಯ್ಯಬೇಕಾಗಿಲ್ಲ. ತಾಲ್ಲೂಕಿನಲ್ಲಿ ಮೂರು ತಿಂಗಳಿಗೊಮ್ಮೆ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲನೆ ಸಭೆ ನಡೆಯುತ್ತದೆ, ಅಥವಾ ನಡೆಯಬೇಕು. ಶಾಸಕರೇ ಅಧ್ಯಕ್ಷರು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ತಾಲ್ಲೂಕು ವೈದ್ಯಾಧಿಕಾರಿ, ಇಂಜಿನಿಯರ್‌ಗಳು ಎಲ್ಲ ಎದುರಿಗೇ ಕೂತಿರುತ್ತಾರೆ. ಟ್ಯಾಂಕಿನ ಮೋಟಾರು ಸುಟ್ಟಿದೆ, ಡಾಕ್ಟರು ವಾರಕ್ಕೆ ಎರಡು ದಿನ ಮಾತ್ರ ಬರುತ್ತಾರೆ ಅನ್ನುವಂಥದ್ದಕ್ಕೆ ಇದೇ ಜಾಗ. ಸಭೆಯ ತಾರೀಖು ತಿಳಿದುಕೊಂಡು ಎರಡು ದಿನ ಮೊದಲು ಕಾಗದ ಕೊಡಿ. ಸಭೆ ದಿನ ಬೆಳಿಗ್ಗೆ ಕೊಟ್ಟ ಕಾಗದ ಜೇಬಿನಲ್ಲೇ ಉಳಿಯುತ್ತದೆ.

ಶಾಸಕರ ನಿಧಿ ಬಗ್ಗೆ ಒಂದು ಮಾತು. ವರ್ಷಕ್ಕೆ 2 ಕೋಟಿ ರೂಪಾಯಿ. ಕೇಳಲು ದೊಡ್ಡದು. ಕ್ಷೇತ್ರದಲ್ಲಿ ಇನ್ನೂರು ಹಳ್ಳಿ ಇದ್ದರೆ ಹಳ್ಳಿಗೆ ಒಂದು ಲಕ್ಷ ಬಂತು, ಅಷ್ಟೇ. ಅದನ್ನೂ ಶಾಸಕರು ನೇರವಾಗಿ ಖರ್ಚು ಮಾಡುವ ಹಾಗಿಲ್ಲ. ಅವರು ಶಿಫಾರಸು ಮಾಡಬೇಕು, ಜಿಲ್ಲಾಧಿಕಾರಿ ಮಂಜೂರು ಮಾಡಬೇಕು. ಬಸ್ ತಂಗುದಾಣ, ಶಾಲೆಗೊಂದು ಕೊಠಡಿ, ಇಂಥದ್ದಕ್ಕೆ ಕೇಳಿ. ಸೇತುವೆಗೆ ಕೇಳಬೇಡಿ.

ಸೇತುವೆ ಅಂದಾಗ ನೆನಪಾಯಿತು, ಸಾಹೇಬರು ಸದನದಲ್ಲಿ ಕೇಳಲೆಂದು ನಾನು ಬರೆದುಕೊಟ್ಟ ಮೊದಲ ಪ್ರಶ್ನೆ ಸೇತುವೆ ಬಗ್ಗೆಯೇ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಮೂರು ಊರಿನ ಮಕ್ಕಳಿಗೆ ಶಾಲೆ ಇಲ್ಲ. ಹಳೇ ಪ್ರಶ್ನೆಗಳ ಮಾದರಿ ನೋಡಿಕೊಂಡು ಹೀಗೆ ಬರೆದೆ: (ಅ) ಈ ಹಳ್ಳಕ್ಕೆ ಸೇತುವೆ ಇಲ್ಲದೆ ತೊಂದರೆಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? (ಇ) ಯಾವಾಗ ನಿರ್ಮಿಸಲಾಗುವುದು? ನೋಡಲು ಚೆನ್ನಾಗಿಯೇ ಇತ್ತು. ಉತ್ತರ ಬಂತು. (ಅ) ಇಲ್ಲ. (ಆ) ಉದ್ಭವಿಸುವುದಿಲ್ಲ. (ಇ) ಉದ್ಭವಿಸುವುದಿಲ್ಲ. ಸಾಹೇಬರು ಆ ಹಾಳೆಯನ್ನು ನನ್ನ ಮುಂದೆ ಹಿಡಿದು, "ಏನಯ್ಯಾ, ಆ ಹಳ್ಳನಾದ್ರೂ ಉದ್ಭವಿಸಿದೆಯೋ ಇಲ್ವೋ?" ಎಂದರು.

ತಪ್ಪು ನನ್ನದೇ. ಮೊದಲ ಪ್ರಶ್ನೆಯನ್ನೇ ಹೌದು-ಇಲ್ಲ ಅನ್ನುವ ಹಾಗೆ ಇಟ್ಟಿದ್ದೆ. ಅದಕ್ಕೆ "ಇಲ್ಲ" ಅಂದರೆ ಉಳಿದವು ತಾವಾಗಿಯೇ ಬಿದ್ದುಹೋಗುತ್ತವೆ. ಅಲ್ಲಿಂದಾಚೆ "ಗಮನಕ್ಕೆ ಬಂದಿದೆಯೇ" ಅಂತ ಶುರು ಮಾಡುವುದನ್ನೇ ಬಿಟ್ಟೆ. ಲೆಕ್ಕ ಕೇಳುವುದರಿಂದ ಶುರು ಮಾಡಿದೆ. ಲೆಕ್ಕಕ್ಕೆ "ಇಲ್ಲ" ಅಂತ ಉತ್ತರ ಬರೆಯಲು ಆಗುವುದಿಲ್ಲ. ಸೊನ್ನೆ ಅಂತ ಬರೆದರೂ ಅದು ನಮಗೆ ಉಪಯೋಗಕ್ಕೆ ಬರುತ್ತದೆ. ಎರಡನೇ ಸಲ ಬರೆದದ್ದು ಹೀಗಿತ್ತು:

(ಅ) ಕಳೆದ ಮೂರು ವರ್ಷಗಳಲ್ಲಿ ಈ ತಾಲ್ಲೂಕಿನಲ್ಲಿ ಸೇತುವೆಗಳಿಗಾಗಿ ಸಲ್ಲಿಕೆಯಾದ ಪ್ರಸ್ತಾವನೆಗಳು ಎಷ್ಟು? (ಊರುವಾರು ವಿವರ ನೀಡುವುದು)
(ಆ) ಅವುಗಳಲ್ಲಿ ಮಂಜೂರಾದವು ಎಷ್ಟು? ಯಾವ ಲೆಕ್ಕಶೀರ್ಷಿಕೆಯಡಿ, ಎಷ್ಟು ಮೊತ್ತಕ್ಕೆ?
(ಇ) ಬಾಕಿ ಉಳಿದ ಪ್ರಸ್ತಾವನೆಗಳು ಪ್ರಸ್ತುತ ಯಾವ ಕಚೇರಿಯಲ್ಲಿ, ಯಾವ ದಿನಾಂಕದಿಂದ ಇವೆ?

ಲೆಕ್ಕಶೀರ್ಷಿಕೆ ಅಂದರೆ ಬಜೆಟ್‌ನಲ್ಲಿ ಆ ಹಣ ಇರುವ ಬಾಬ್ತು. ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಯಾವ ಕಚೇರಿ, ಯಾವ ದಿನಾಂಕ. ಫೈಲು ಒಂದೇ ಮೇಜಿನ ಮೇಲೆ ಹದಿನಾಲ್ಕು ತಿಂಗಳು ಕೂತಿತ್ತು ಅಂತ ಸದನದಲ್ಲಿ ಓದಿ ಹೇಳುವುದು ಯಾವ ಇಲಾಖೆಗೂ ಇಷ್ಟವಿಲ್ಲ. ನಮ್ಮ ಫೈಲು ಉತ್ತರ ಬರೆಯುವ ಮೊದಲೇ ಆ ಮೇಜಿನಿಂದ ಎದ್ದು ಮುಂದಕ್ಕೆ ಹೋಗಿತ್ತು. ಪ್ರಶ್ನೆಯ ಅರ್ಧ ಕೆಲಸ ಉತ್ತರ ಬರುವ ಮೊದಲೇ ಆಗುತ್ತದೆ ಅನ್ನೋದು ಆಗ ತಿಳಿಯಿತು.

ಬೈಗುಳ, ವ್ಯಂಗ್ಯ, ಅಭಿಪ್ರಾಯ ಬೇಡ. "ಅಧಿಕಾರಿಗಳ ಬೇಜವಾಬ್ದಾರಿಯಿಂದ" ಅಂತ ಬರೆದಿದ್ದರೆ ವಿಧಾನಸಭೆಯ ಸಚಿವಾಲಯ ಅದನ್ನು ಒಪ್ಪುವುದಿಲ್ಲ. ಕೋರ್ಟಿನಲ್ಲಿ ಇರುವ ವಿಷಯವೂ ಬೇಡ. ಒಂದು ಪ್ರಶ್ನೆಯಲ್ಲಿ ಒಂದೇ ಇಲಾಖೆ ಇರಲಿ. ಎರಡು ಇಲಾಖೆ ಸೇರಿಸಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ.

ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನದಕ್ಕೆ ಮಂತ್ರಿ ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರ ಹೇಳುತ್ತಾರೆ, ಶಾಸಕರು ಅಲ್ಲೇ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಎಲ್ಲರಿಗೂ ಚುಕ್ಕೆಯದೇ ಬೇಕು, ಟಿವಿಯಲ್ಲಿ ಬರುತ್ತದಲ್ಲ. ನನ್ನ ಲೆಕ್ಕದಲ್ಲಿ ಅಂಕಿ-ಅಂಶ ಬೇಕಿದ್ದರೆ ಚುಕ್ಕೆ ಇಲ್ಲದ್ದೇ ಒಳ್ಳೆಯದು. ಅನುಬಂಧ ಸಮೇತ ಪಟ್ಟಿ ಕೈಗೆ ಸಿಗುತ್ತದೆ. ಮಂತ್ರಿಯಿಂದ ಮಾತು ತಗೊಳ್ಳಬೇಕು ಅಂತಿದ್ದರೆ ಮಾತ್ರ ಚುಕ್ಕೆ. ಆದರೆ ಆ ದಿನವೇ ಯಾರಾದರೂ ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಇಳಿದು ಧರಣಿ ಕೂತರೆ ಪ್ರಶ್ನೋತ್ತರ ವೇಳೆ ಹೋದ ಹಾಗೆಯೇ. ಉತ್ತರವನ್ನು ಮಂಡಿಸಿ ಮುಗಿಸುತ್ತಾರೆ, ಉಪಪ್ರಶ್ನೆಗೆ ಅವಕಾಶ ಇರುವುದಿಲ್ಲ. ತಿಂಗಳುಗಟ್ಟಲೆ ಓಡಾಡಿ ತಯಾರು ಮಾಡಿದ ಪ್ರಶ್ನೆ ಹಾಗೆ ಹೋದಾಗ ಹೊಟ್ಟೆ ಉರಿಯುತ್ತದೆ.

ಚುಕ್ಕೆಯ ಪ್ರಶ್ನೆ ಆದರೆ ಉಪಪ್ರಶ್ನೆಯನ್ನೂ ನೀವೇ ಬರೆದುಕೊಡಿ, ಒಂದೇ ಸಾಲಿನಲ್ಲಿ. ಲಿಖಿತ ಉತ್ತರದಲ್ಲಿ "ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು" ಅಂತ ಇರುತ್ತದೆ ಅಂತ ಮೊದಲೇ ಅಂದುಕೊಳ್ಳಿ. ಆಗ ಕೇಳಬೇಕಾದದ್ದು, "ಈ ಆರ್ಥಿಕ ವರ್ಷದಲ್ಲಿ ಅನುದಾನ ಕೊಡುತ್ತೀರಾ?" ಮಂತ್ರಿ "ಕೊಡ್ತೀವಿ" ಅಂದುಬಿಟ್ಟರೆ ಅದು ಸದನದಲ್ಲಿ ಕೊಟ್ಟ ಭರವಸೆ. ಅದನ್ನು ಬೆನ್ನುಹತ್ತಲು ವಿಧಾನಸಭೆಯಲ್ಲಿ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಕ್ಯಾಮೆರಾ ಮುಂದೆ ಹತ್ತು ನಿಮಿಷ ಗುಡುಗುವ ಶಾಸಕರಿಗಿಂತ, ಈ ಒಂದು ಸಾಲು ಕೇಳಿ ಕೂರುವವರು ನನಗೆ ಇಷ್ಟ.

ಸಮಯ ನೋಡಿಕೊಳ್ಳಿ. ಒಂದು ಅಧಿವೇಶನಕ್ಕೂ ಮುಂದಿನದಕ್ಕೂ ಆರು ತಿಂಗಳಿಗಿಂತ ಜಾಸ್ತಿ ಅಂತರ ಇರಬಾರದು ಅಂತ ಸಂವಿಧಾನದ 174ನೇ ವಿಧಿ ಹೇಳುತ್ತದೆ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. ಬಜೆಟ್ ಫೆಬ್ರುವರಿ-ಮಾರ್ಚ್ ಹೊತ್ತಿಗೆ. ಪ್ರಶ್ನೆಗೆ ವಾರಗಳ ಮೊದಲೇ ಸೂಚನೆ ಕೊಡಬೇಕು. ಅಧಿವೇಶನ ಕರೆದಿದ್ದಾರೆ ಅಂತ ಪೇಪರಿನಲ್ಲಿ ಓದಿದ ಮಾರನೇ ದಿನವೇ ಕಾಗದ ಕೊಡಿ. ಶುರುವಾದ ಮೇಲೆ ಶಾಸಕರ ಭವನಕ್ಕೆ ಬಂದು ಕೊಟ್ಟರೆ ಕಾಫಿ ಸಿಗುತ್ತದೆ, ಪ್ರಶ್ನೆ ಆಗುವುದಿಲ್ಲ. ಹೊಸ ಕೆಲಸಕ್ಕೆ ಬಜೆಟ್‌ನಲ್ಲಿ ಹಣ ಬೇಕಿದ್ದರೆ ದೀಪಾವಳಿ ಮುಗಿಯುತ್ತಿದ್ದಂತೆ ಶುರು ಮಾಡಿ. ಮಾರ್ಚಿನಲ್ಲಿ ಕೇಳಿದರೆ ಆಗಲೇ ಬಜೆಟ್ ಪುಸ್ತಕ ಅಚ್ಚಾಗಿರುತ್ತದೆ.

ಪ್ರಶ್ನೆಗೆ ಕಾಯಲಾಗದ ವಿಷಯ ಇರುತ್ತದೆ. ಕೆರೆ ಕಟ್ಟೆ ಒಡೆದಿದೆ, ಜಾನುವಾರುಗಳಿಗೆ ರೋಗ ಬಂದಿದೆ. ಅದಕ್ಕೆ ತುರ್ತು ವಿಷಯ ಎತ್ತುವ ಶೂನ್ಯವೇಳೆ ಇದೆ, ನಿಯಮ 73ರಡಿ ಗಮನ ಸೆಳೆಯುವ ಸೂಚನೆ ಇದೆ. ಉಳಿದ ಕಲಾಪ ಬದಿಗಿಟ್ಟು ಇದನ್ನೇ ಚರ್ಚಿಸಿ ಎನ್ನುವ ನಿಯಮ 60ರ ನಿಲುವಳಿ ಸೂಚನೆ, 69ರ ಚರ್ಚೆ ಇವೆಲ್ಲ ದೊಡ್ಡ ವಿಷಯಗಳಿಗೆ, ಪಕ್ಷದ ನಾಯಕರೇ ನೋಡಿಕೊಳ್ಳುತ್ತಾರೆ. ನೀವು ಕೊಡಬೇಕಾದದ್ದು ಅರ್ಧ ಪುಟ, ತಾರೀಖು, ಒಂದು ಫೋಟೋ.

ನಿಮ್ಮ ಶಾಸಕರೇ ಮಂತ್ರಿ ಆಗಿದ್ದರೆ? ಮಂತ್ರಿ ಉತ್ತರ ಹೇಳುವವರು, ಪ್ರಶ್ನೆ ಕೇಳುವವರಲ್ಲ. ಆಡಳಿತ ಪಕ್ಷದವರೂ ತಮ್ಮದೇ ಸರ್ಕಾರವನ್ನು ಇಕ್ಕಟ್ಟಿಗೆ ಸಿಕ್ಕಿಸಲು ಹಿಂಜರಿಯುತ್ತಾರೆ. ಮತದಾನಕ್ಕೆ ಇರುವ ಹಾಗೆ ಪ್ರಶ್ನೆಗೆ ಪಕ್ಷದ ವಿಪ್ (ಕಡ್ಡಾಯ ಸೂಚನೆ) ಇಲ್ಲದಿದ್ದರೂ ಮುಲಾಜು ಇರುತ್ತದೆ. ಆಗ ಮೇಲ್ಮನೆಯಾದ ವಿಧಾನ ಪರಿಷತ್ತಿನ ಕಡೆ ನೋಡಿ. ಅಲ್ಲಿ 75 ಸದಸ್ಯರಿದ್ದಾರೆ. ಅವರಲ್ಲಿ ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾದವರು 25, ಪದವೀಧರರಿಂದ 7, ಶಿಕ್ಷಕರಿಂದ 7. ಶಾಲೆಯ ವಿಷಯ ಆದರೆ ಶಿಕ್ಷಕರ ಕ್ಷೇತ್ರದ ಸದಸ್ಯರಷ್ಟು ಆಸಕ್ತಿಯಿಂದ ಇನ್ಯಾರೂ ಕೇಳುವುದಿಲ್ಲ. ಅವರ ಮನೆ ಮುಂದೆ ಜನವೂ ಕಡಿಮೆ.

ಇನ್ನು ಕಾಗದ. ಅರವತ್ತು ಸಹಿ ಹಾಕಿಸಿ, "ಜನಪ್ರಿಯ, ಅಭಿವೃದ್ಧಿಯ ಹರಿಕಾರ" ಅಂತ ನಾಲ್ಕು ಸಾಲು ಹೊಗಳಿ ಬರೆದದ್ದು ಬೇಕಾದಷ್ಟು ಬರುತ್ತದೆ. ಅದರಲ್ಲಿ ಸಮಸ್ಯೆ ಯಾವ ಊರಿನದು ಅಂತ ಹುಡುಕಲು ನಾನು ಎರಡನೇ ಪುಟಕ್ಕೆ ಹೋಗಬೇಕಿತ್ತು. ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಶಾಲೆಯ ಎರಡು ಕೊಠಡಿ ಸೋರುತ್ತಿತ್ತು. ಅವರು ತಂದದ್ದು ಒಂದೇ ಹಾಳೆ. ಯಾವ ವರ್ಷದಿಂದ ಸೋರುತ್ತಿದೆ, ಎಷ್ಟು ಮಕ್ಕಳು, ಈ ಮೊದಲು ಬರೆದ ಮೂರು ಪತ್ರಗಳ ಸಂಖ್ಯೆ ಮತ್ತು ತಾರೀಖು, ಬಂದ ಒಂದು ಉತ್ತರದ ಜೆರಾಕ್ಸ್. ಕೆಳಗೆ ಮೊಬೈಲ್ ನಂಬರ್. ಅದನ್ನು ಪ್ರಶ್ನೆ ಮಾಡಲು ನನಗೆ ಹತ್ತು ನಿಮಿಷ ಸಾಕಾಯಿತು.

ಎರಡು ಪ್ರತಿ ತನ್ನಿ, ಒಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಆಪ್ತ ಸಹಾಯಕರ ಹತ್ತಿರ ನಗುತ್ತಾ ಮಾತಾಡಿ. ಇದನ್ನು ನನ್ನವರ ಪರವಾಗಿ ಹೇಳುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ, ದಿನಾ ಬೇಡ. ಉತ್ತರ ಬಂದಾಗ ಅದರ ಪ್ರತಿಯನ್ನು ಕೇಳಿ ಪಡೆಯಿರಿ, ಓದಿ.

ಮೇಷ್ಟ್ರು ಹಾಗೇ ಮಾಡಿದರು. ಉತ್ತರದ ಹಾಳೆಯನ್ನು ನಮ್ಮ ಜಗಲಿಯಲ್ಲೇ ಕೂತು ಎರಡು ಸಲ ಓದಿದರು. ಕನ್ನಡಕ ತೆಗೆದು, "ಅಂದಾಜು ಪಟ್ಟಿ ತಯಾರಿಸಲಾಗಿದೆ ಅಂತ ಬರೆದಿದ್ದಾರೆ. ಯಾವ ತಾರೀಖು ಅಂತ ಇಲ್ಲವಲ್ಲಪ್ಪ?" ಎಂದರು. ಮುಂದಿನ ಅಧಿವೇಶನದ ಪ್ರಶ್ನೆಗೆ ನಾನು (ಅ) ಅಂತ ಬರೆದದ್ದು ಅದನ್ನೇ.