ಗುಲಾಬಿ ಬಣ್ಣ ನನ್ನನ್ನು ಯಾಮಾರಿಸಿದ್ದು

ಕೊಬ್ಬರಿ ಎಣ್ಣೆ ಹಳತಾದರೆ ಕಮಟು ವಾಸನೆ ಬರುತ್ತಲ್ಲ, ಮೈಯೊಳಗೂ ಅಂಥದ್ದೇ ಒಂದು ಕೆಲಸ ನಡೆಯುತ್ತದೆ. ಫ್ರೀ ರ‍್ಯಾಡಿಕಲ್‌ಗಳು ಅನ್ನುವ, ಸಿಕ್ಕಿದ್ದಕ್ಕೆಲ್ಲ ತಗುಲಿಕೊಳ್ಳುವ ಚಂಚಲ ಅಣುಗಳು ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತವೆ. ಅವು ಜಾಸ್ತಿಯಾಗಿ, ತಡೆಯುವ ಶಕ್ತಿ ಸಾಲದೆ ಹೋದರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಹಾಗೆ ಕೆಟ್ಟ ಕೊಬ್ಬಿನಿಂದ ಹುಟ್ಟುವ ಒಂದು ವಸ್ತು ಎಂಡಿಎ. ಗರ್ಭಕಂಠದ ಕ್ಯಾನ್ಸರ್ ಇರುವ ಹೆಂಗಸರ ರಕ್ತದಲ್ಲಿ ಅದನ್ನು ಅಳೆಯುವುದೇ ನನ್ನ ಪಿಎಚ್‌ಡಿ ಕೆಲಸ.

ವಿಧಾನ ಅಗ್ಗದ್ದು. ಪ್ಲಾಸ್ಮಾಗೆ, ಅಂದರೆ ರಕ್ತದ ಕಣಗಳನ್ನು ಬೇರೆ ಮಾಡಿದ ಮೇಲೆ ಉಳಿಯುವ ಹಳದಿ ದ್ರವಕ್ಕೆ, ಟಿಸಿಎ, ಟಿಬಿಎ ಅನ್ನುವ ಆಮ್ಲಗಳನ್ನು ಹಾಕಿ ಕುದಿಯುವ ನೀರಲ್ಲಿ ಇಡಬೇಕು. ತಣ್ಣಗಾದ ಮೇಲೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿ (ಸ್ಪಿನ್ ಮಾಡಿ), ಮೇಲೆ ನಿಂತ ಗುಲಾಬಿ ನೀರನ್ನು 532 ನ್ಯಾನೋಮೀಟರ್‌ನ ಬೆಳಕಿನಲ್ಲಿ ಓದಬೇಕು. ಬಣ್ಣ ಗಾಢವಾದಷ್ಟೂ ಎಂಡಿಎ ಜಾಸ್ತಿ.

ಮೊದಲ ಬ್ಯಾಚ್‌ನಲ್ಲಿ ರೋಗಿಗಳ ಟ್ಯೂಬ್‌ಗಳೆಲ್ಲ ಗಾಢ, ಆರೋಗ್ಯವಂತರದು ತೆಳು. ನನಗೋ ಕುಣಿಯುವಷ್ಟು ಖುಷಿ. ಗೈಡ್ ಒಂದೇ ಮಾತು ಕೇಳಿದರು: "ರಕ್ತ ತೆಗೆದದ್ದು ಎಷ್ಟು ಗಂಟೆಗಮ್ಮ, ಸ್ಪಿನ್ ಮಾಡಿದ್ದು ಎಷ್ಟಕ್ಕೆ?"

ಅಲ್ಲೇ ಸಿಕ್ಕಿಬಿದ್ದೆ. ವಾರ್ಡಿನ ಟ್ಯೂಬ್‌ಗಳು ಬೆಳಿಗ್ಗೆಯಿಂದ ಕಿಟಕಿ ಪಕ್ಕದ ಟ್ರೇಯಲ್ಲಿ ಕೂತು, ಮಧ್ಯಾಹ್ನ ನನ್ನ ಕೈ ಸೇರುತ್ತಿದ್ದವು. ಕೆಲವದರಲ್ಲಿ ಕೆಂಪು ಕಣ ಒಡೆದು ಪ್ಲಾಸ್ಮಾ ಕೆಂಪಗಾಗಿತ್ತು. ಹೋಲಿಕೆಗೆ ಅಂತ ತೆಗೆದದ್ದು ಲ್ಯಾಬಿನ ಹುಡುಗಿಯರ ರಕ್ತ, ಅದನ್ನು ಐದೇ ನಿಮಿಷದಲ್ಲಿ ಸ್ಪಿನ್ ಮಾಡಿದ್ದೆ. ಅವರ ವಯಸ್ಸೂ ರೋಗಿಗಳ ಅರ್ಧದಷ್ಟು! ಅಂದರೆ ನಾನು ಅಳೆದದ್ದರಲ್ಲಿ ಎಷ್ಟೋ ಪಾಲು ಟ್ಯೂಬಿನಲ್ಲೇ ಕೆಟ್ಟ ಕೊಬ್ಬು.

ಎಲ್ಲ ಮೊದಲಿನಿಂದ ಶುರು. ವಾರ್ಡಿಗೆ ಐಸ್ ಡಬ್ಬಿ ಹಿಡಿದು ನಾನೇ ಹೋದೆ. ಪ್ಲಾಸ್ಮಾ ಕೆಂಪಗಾದರೆ ಎಸೆದೆ. ಪ್ಲಾಸ್ಮಾಗೆ ಕೊಬ್ಬು ಕೆಡದಂತೆ ತಡೆಯುವ ಬಿಎಚ್‌ಟಿ ಸೇರಿಸಿ ಮೈನಸ್ 80 ಡಿಗ್ರಿಯಲ್ಲಿಟ್ಟೆ. ಅದೇ ವಯಸ್ಸಿನ ಆರೋಗ್ಯವಂತ ಹೆಂಗಸರನ್ನು ಹುಡುಕಿದೆ. ಟ್ಯೂಬ್‌ಗಳಿಗೆ ಗೆಳತಿಯಿಂದ ನಂಬರ್ ಹಾಕಿಸಿದೆ, ಯಾವುದು ಯಾರದು ಅಂತ ನನಗೇ ಗೊತ್ತಾಗಬಾರದು ಅಂತ. ವ್ಯತ್ಯಾಸ ಆಮೇಲೂ ಉಳಿಯಿತು, ಆದರೆ ಮೊದಲಿನ ಆರ್ಭಟ ಇಳಿದಿತ್ತು.

ಉಳಿದದ್ದಕ್ಕೆ ಅರ್ಥ ಏನು? ಈ ಕ್ಯಾನ್ಸರಿನ ಮೂಲ ಎಚ್‌ಪಿವಿ ವೈರಸ್, ಅದರಲ್ಲೂ 16 ಮತ್ತು 18ನೇ ಬಗೆ. ಸೋಂಕು ವರ್ಷಗಟ್ಟಲೆ ಉಳಿದು ಉರಿಯೂತವಾದರೆ ಫ್ರೀ ರ‍್ಯಾಡಿಕಲ್‌ಗಳು ಡಿಎನ್‌ಎಗೂ ಪೆಟ್ಟು ಕೊಡುತ್ತವೆ. ಆದರೆ ಬೆಳೆದ ಗಡ್ಡೆಯೂ ಅವನ್ನು ಹುಟ್ಟಿಸುತ್ತದೆ. ಒಂದು ದಿನದ ರಕ್ತ ನೋಡಿ ಯಾವುದು ಮೊದಲು ಅಂತ ಹೇಳಕ್ಕಾಗಲ್ಲ. ಪ್ರಬಂಧದಲ್ಲಿ "ಕಾರಣ" ಅನ್ನುವ ಪದ ಹೊಡೆದು "ಸಂಬಂಧ" ಅಂತ ಬರೆದೆ.

ಒಂದು ಬೆಳಿಗ್ಗೆ ರೇಡಿಯೇಷನ್ ನಡೆಯುತ್ತಿದ್ದ ಒಬ್ಬ ಅಮ್ಮ ಫ್ರೀ ರ‍್ಯಾಡಿಕಲ್ ತಡೆಯುವ ಆಂಟಿಆಕ್ಸಿಡೆಂಟ್ ಮಾತ್ರೆಯ ಡಬ್ಬಿ ತೋರಿಸಿ, "ಇದು ತಗೊಂಡ್ರೆ ಒಳ್ಳೇದಲ್ವಾ ಮೇಡಂ?" ಅಂದರು. 1994ರಲ್ಲಿ ಫಲಿತಾಂಶ ಬಂದ ಫಿನ್‌ಲ್ಯಾಂಡಿನ ಬೀಟಾ ಕ್ಯಾರೋಟಿನ್ ಅನ್ನುವ ಆಂಟಿಆಕ್ಸಿಡೆಂಟಿನ ಪರೀಕ್ಷೆ ನೆನಪಾಯಿತು. ಸಿಗರೇಟು ಸೇದುವ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅದರಿಂದ ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು. "ನಿಮಗೆ ಕೊಡ್ತಿರೋ ರೇಡಿಯೇಷನ್ನೂ ಬಹುಮಟ್ಟಿಗೆ ಫ್ರೀ ರ‍್ಯಾಡಿಕಲ್ ಹುಟ್ಟಿಸಿಯೇ ಗಡ್ಡೆಯನ್ನ ಸಾಯಿಸೋದು ಅಮ್ಮ. ಡಾಕ್ಟರಿಗೆ ತೋರಿಸದೆ ಒಂದನ್ನೂ ನುಂಗಬೇಡಿ," ಅಂದೆ. ಅವರಿಗೆ ಆಶ್ಚರ್ಯ, ಇನ್ನೂ ಕೇಳುವುದಿತ್ತು. ಕೂತು ಮಾತಾಡಿದೆ. ಅಷ್ಟರಲ್ಲಿ ಡಬ್ಬಿಯ ಐಸ್ ಕರಗಿ, ಆ ದಿನದ ಎರಡು ಟ್ಯೂಬ್ ಎಸೆಯಬೇಕಾಯಿತು.